ಪಾಠಶಾಲೆಯಿಂದ ಶಾಸನಸಭೆಗೆ

ಒಬ್ಬ ಮನುಷ್ಯನು ರಾಜಕಾರಣವನ್ನು ಪ್ರವೇಶಿಸಿದಾಗ ನಮ್ಮ ಜನರು ಬಳಸುವ ಕ್ರಿಯಾಪದವು ಲಕ್ಷಿಸತಕ್ಕದ್ದಾಗಿದೆ. ‘ರಾಜಕೀಯಕ್ಕೆ ಇಳಿದರು’, ‘ಚುನಾವಣೆಯ ಕಣಕ್ಕೆ ಇಳಿದರು’ ಎಂದು ಹೇಳುವುದು ರೂಢಿ. ಅದೇ ವ್ಯಕ್ತಿಯು ಗೆದ್ದು ಮಂತ್ರಿಯಾದರೆ ‘ಅಧಿಕಾರಕ್ಕೆ ಏರಿದರು’, ‘ಗದ್ದುಗೆ ಏರಿದರು’ ಎನ್ನುತ್ತಾರೆ. ಇಳಿಯದೆ ಏರುವಂತಿಲ್ಲವೆಂಬ ಲೋಕಾನುಭವವು ಈ ಎರಡು ಧಾತುಗಳ ನಡುವೆ ಅಡಗಿದೆಯೆಂದು ತೋರುತ್ತದೆ. ನಮ್ಮ ಗಡಿಭಾಗದ ಮರಾಠಿ ಆಡುಮಾತಿನಲ್ಲಿಯೂ ಇದೇ ಅರ್ಥದ ಪ್ರಯೋಗವುಂಟು. ವಕೀಲರು, ವರ್ತಕರು, ದೊಡ್ಡ ಹಿಡುವಳಿಯ ಒಕ್ಕಲಿಗರು ಹೀಗೆ ‘ಇಳಿದಾಗ’ ಯಾರೂ ಆ ಶಬ್ದವನ್ನು ಎತ್ತಿ ನೋಡುವುದಿಲ್ಲ. ಆದರೆ ಸಾಲಿಯ ಮಾಸ್ತರರು ಇಳಿದರೆಂದಾಗ ಮಾತ್ರ ಊರ ಕಟ್ಟೆಯ ಮೇಲೆ ಆ ಶಬ್ದಕ್ಕೆ ಅದರ ಮೂಲಾರ್ಥವು ಮರಳಿ ಬರುತ್ತದೆ. ಗುರುಸ್ಥಾನದಲ್ಲಿದ್ದವರು ಇದೇಕೆ ಇಲ್ಲಿಗೆ ಬಂದರೆಂದು ಕೆಲವರು ಮರುಗುತ್ತಾರೆ. ಓದುಬರಹ ಬಲ್ಲವರೊಬ್ಬರಾದರೂ ಅಲ್ಲಿಗೆ ಹೋಗಲಿ ಬಿಡಿ ಎಂದು ಮತ್ತೆ ಕೆಲವರು ಸಂತೋಷಪಡುತ್ತಾರೆ. ಈ ಎರಡು ಅಭಿಪ್ರಾಯಗಳಲ್ಲಿ ಯಾವುದಕ್ಕೆ ಎಷ್ಟು ಆಧಾರವುಂಟೆಂಬುದನ್ನು, ನಮ್ಮ ಸೀಮೆಯಲ್ಲಿ ಹಾಗೂ ನಮ್ಮ ನಾಡಿನಲ್ಲಿ ನಡೆದುಹೋದ ಸಂಗತಿಗಳ ಮೂಲಕ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಉಪಾಧ್ಯಾಯನೆಂದರೆ ಯಾರ ಸಮೀಪಕ್ಕೆ ಹೋಗಿ ಅಧ್ಯಯನ ಮಾಡಲಾಗುವುದೋ ಅವನು ಎಂಬುದು ವೈಯಾಕರಣರ ನಿರ್ವಚನ. ಜನರು ಅವನ ಬಳಿಗೆ ಬರಬೇಕು. ಅವನು ಇದ್ದಲ್ಲಿ ಇರಬೇಕು. ರಾಜಕಾರಣಿಯ ಧರ್ಮವು ಇದಕ್ಕೆ ತೀರ ವಿರುದ್ಧವಾದುದು. ಅವನು ಜನರ ಬಳಿಗೆ ಹೋಗಬೇಕು, ಮನೆಮನೆಯ ಹೊಸ್ತಿಲಿನ ಮುಂದೆ ಕೈಮುಗಿದು ನಿಲ್ಲಬೇಕು. ಶಿಕ್ಷಕನು ತಪ್ಪನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಬರೆಯುವವನು. ಮತ ಕೇಳುವವನಿಗೆ ಆ ಕೆಂಪು ಶಾಯಿ ನಿಷಿದ್ಧ. ಆದುದರಿಂದ ಒಂದು ವೃತ್ತಿಯಿಂದ ಇನ್ನೊಂದಕ್ಕೆ ದಾಟುವುದೆಂದರೆ ನೌಕರಿ ಬದಲಿಸಿದಷ್ಟು ಸುಲಭದ ಮಾತಲ್ಲ.

ಹಳಗನ್ನಡವನ್ನು ಓದಿದವರಿಗೆ ಈ ಸಂದರ್ಭದಲ್ಲಿ ದ್ರೋಣಾಚಾರ್ಯನ ನೆನಪಾಗುವುದು ಸಹಜ. ಕ್ರಿ.ಶ. 941ರ ಸುಮಾರಿನಲ್ಲಿ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ನಾವು ಕಾಣುವ ದ್ರೋಣನು ಬಡತನದಿಂದ ಬೇಸತ್ತು ಬಾಲ್ಯಸ್ನೇಹಿತನಾದ ದ್ರುಪದನ ಬಳಿಗೆ ಹೋಗಿ ಅವಮಾನಿತನಾದವನು. ಅನಂತರ ಹಸ್ತಿನಾವತಿಯ ಅರಮನೆಯಲ್ಲಿ ವಿದ್ಯಾಗುರುವಾದನು. ಶಿಷ್ಯರ ಬಲದಿಂದಲೇ ದ್ರುಪದನನ್ನು ಕಟ್ಟಿ ತರಿಸಿದನು. ದ್ಯೂತಸಭೆಯಲ್ಲಿ ಮಾತಾಡಬೇಕಾದ ಹೊತ್ತಿನಲ್ಲಿ ಬಾಯಿ ಕಟ್ಟಿ ಕುಳಿತನು. ಕಡೆಗೆ ತಾನು ವಿದ್ಯೆ ಕಲಿಸಿದ ಹುಡುಗರ ಎದುರಿಗೇ ಸೇನಾಪತಿಯಾಗಿ ನಿಂತನು. ಅರಮನೆಯ ಅನ್ನವು ತನ್ನನ್ನು ಕಟ್ಟಿಹಾಕಿದೆಯೆಂದು ಅವನೇ ಧರ್ಮರಾಯನ ಮುಂದೆ ಒಪ್ಪಿಕೊಳ್ಳುವ ಸಂದರ್ಭವು ವ್ಯಾಸಭಾರತದಲ್ಲಿದೆ. ರಾಜಸಭೆಯನ್ನು ಸೇರಿದ್ದು ದ್ರೋಣನ ದೋಷವಲ್ಲ. ಅಲ್ಲಿ ಗುರುವಿನ ನಾಲಿಗೆಯನ್ನು ಕಳೆದುಕೊಂಡದ್ದೇ ದೋಷ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಇತ್ತೀಚಿನ ಕಾಲಕ್ಕೆ ಬರೋಣ.

ನಮ್ಮ ಮುಂಬಯಿ ಕರ್ನಾಟಕದಲ್ಲಿ ಶಿಕ್ಷಕ ವೃತ್ತಿಯನ್ನು ಬಿಟ್ಟು ದೇಶಕಾರ್ಯಕ್ಕೆ ಹೋದವರ ಪಂಕ್ತಿಯಲ್ಲಿ ಮೊದಲು ಸ್ಮರಿಸಬೇಕಾದವರು ಹರ್ಡೇಕರ ಮಂಜಪ್ಪನವರು. 1886ರಲ್ಲಿ ಬನವಾಸಿಯಲ್ಲಿ ಜನಿಸಿದ ಇವರು ಶಿರಸಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು. ವಂಗಭಂಗದ ತರುವಾಯ ಸ್ವದೇಶೀ ಆಂದೋಲನವು ದೇಶದ ತುಂಬ ಹಬ್ಬಿದಾಗ, 1906ರಲ್ಲಿ, ಸರಕಾರದ ಆ ಚಿಕ್ಕ ಸಂಬಳದ ಕೆಲಸಕ್ಕೆ ರಾಜೀನಾಮೆಯಿತ್ತರು. ದಾವಣಗೆರೆಗೆ ಹೋಗಿ ‘ಧನುರ್ಧಾರಿ’ ಪತ್ರಿಕೆಯನ್ನು ನಡೆಸಿದರು. 1913ರಲ್ಲಿ ಅದೇ ದಾವಣಗೆರೆಯಲ್ಲಿ ಬಸವಜಯಂತಿಯ ಸಾರ್ವಜನಿಕ ಆಚರಣೆಯು ಇವರ ಮುಂದಾಳುತನದಲ್ಲಿ ಪ್ರಾರಂಭವಾಯಿತೆಂಬುದು ಈ ಸಂಚಿಕೆಯ ಬಹುಪಾಲು ವಾಚಕರಿಗೆ ತಿಳಿದ ಸಂಗತಿಯೇ. ‘ಕರ್ನಾಟಕದ ಗಾಂಧಿ’ಯೆಂದು ಜನರು ಕರೆದರೂ ಅವರು ಯಾವ ಸ್ಥಾನವನ್ನೂ ಬಯಸಲಿಲ್ಲ. ಇನ್ನೊಂದು ಸಂಗತಿಯು ನನಗೆ ಇದಕ್ಕಿಂತ ಮಹತ್ವದ್ದಾಗಿ ಕಾಣುತ್ತದೆ. ಶಾಲೆಯನ್ನು ಬಿಟ್ಟು ಹೋದ ಈ ಶಿಕ್ಷಕರು ಮುಂದೆ ಆಲಮಟ್ಟಿಯಲ್ಲಿ ನೆಲೆಸಿ ವಿದ್ಯಾಲಯವನ್ನು ತೆರೆದು ಪುನಃ ಬೋಧನೆಗೇ ಮರಳಿದರು. ಸರಕಾರದ ಶಾಲೆಯಿಂದ ಹೊರಬಿದ್ದವರು ತಮ್ಮದೇ ಆದ ಶಾಲೆಗೆ ಬಂದು ಸೇರಿದರು. ನಡುವಿನ ದಾರಿಯೇ ಅವರ ರಾಜಕಾರಣ. ಮಂಜಪ್ಪನವರು ತೀರಿಕೊಂಡದ್ದು 1947ರ ಜನವರಿಯಲ್ಲಿ, ದೇಶ ಸ್ವತಂತ್ರವಾಗುವುದಕ್ಕೆ ಕೆಲವೇ ತಿಂಗಳು ಮೊದಲು.

ಇವರಿಗಿಂತ ಭಿನ್ನವಾದ ಮಾರ್ಗದಲ್ಲಿ ನಡೆದವರು ಅಣ್ಣಾಸಾಹೇಬ ಲಠ್ಠೆಯವರು. ಇವರ ಹೆಸರು ನಮ್ಮ ಭಾಗದ ಜೈನ ಬಾಂಧವರ ಮನೆಗಳಲ್ಲಿ ಇಂದಿಗೂ ಗೌರವದಿಂದ ಕೇಳಿಬರುತ್ತದೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಇವರು ಬಳಿಕ ಬೆಳಗಾವಿಯಲ್ಲಿ ವಕೀಲಿ ನಡೆಸಿದರು, ಕೊಲ್ಲಾಪುರ ಸಂಸ್ಥಾನದ ದಿವಾನರಾದರು, 1937ರಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲದಲ್ಲಿ ಮುಂಬಯಿ ಪ್ರಾಂತದ ಅರ್ಥಸಚಿವರಾದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಆಜ್ಞೆ ಮಾಡಿದ ಶಾಹೂ ಛತ್ರಪತಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ವಿಸ್ತಾರವಾಗಿ ಬರೆದವರೂ ಇವರೇ. ಪ್ರಾಧ್ಯಾಪಕ, ದಿವಾನ, ಮಂತ್ರಿ ಎಂಬ ಮೂರು ಪದವಿಗಳೂ ಒಬ್ಬನೇ ವ್ಯಕ್ತಿಯಲ್ಲಿ ಒಂದಾದದ್ದು ಆ ಕಾಲದಲ್ಲಿ ಅಪೂರ್ವವಾಗಿರಲಿಲ್ಲ. ಓದಿದವರು ಬೆರಳೆಣಿಕೆಯಷ್ಟಿದ್ದ ಕಾಲವದು. ಇಂಗ್ಲಿಷು ಬಲ್ಲ ಒಬ್ಬನೇ ಮನುಷ್ಯನು ಶಾಲೆಗೂ ಬೇಕು, ಕೋರ್ಟಿಗೂ ಬೇಕು, ಕೌನ್ಸಿಲ್ಲಿಗೂ ಬೇಕು. ಇಂದಿನ ಸ್ಥಿತಿ ಹಾಗಿಲ್ಲವಾದ್ದರಿಂದ ಆ ಪೀಳಿಗೆಯ ಅಳತೆಗೋಲಿನಿಂದ ಈಗಿನವರನ್ನು ಅಳೆಯುವುದು ಸರಿಯಾಗಲಾರದು.

ಇನ್ನು ನಮ್ಮ ಮನೆಬಾಗಿಲಿನ ಉದಾಹರಣೆಗೆ ಬರುತ್ತೇನೆ. ಬೇಡಕಿಹಾಳ, ಸದಲಗಾ, ಬೋರಗಾಂವ ಭಾಗದ ಹಿರಿಯರಿಗೆ ನಿಪ್ಪಾಣಿಯ ಹೊಗೆಸೊಪ್ಪಿನ ಪೇಟೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಬೀಡಿಯ ತಂಬಾಕು ಬೆಳೆದ ರೈತನು ಮಾಲನ್ನು ವರ್ತಕನಿಗೆ ಒಪ್ಪಿಸಿ, ದರ ಏನೆಂದು ತಿಳಿಯದೆ, ಹಣ ಯಾವಾಗ ಬಂದೀತೆಂದು ತಿಳಿಯದೆ ಕಾಯುತ್ತಿದ್ದ ಕಾಲವೊಂದಿತ್ತು. ಅದೇ ಸೊಪ್ಪನ್ನು ವಖಾರಿಗಳಲ್ಲಿ ಬಡಿದು, ಜಾಳಿಸಿ, ಚೀಲಕ್ಕೆ ತುಂಬುತ್ತಿದ್ದವರು ಬಹುತೇಕ ಸ್ತ್ರೀಯರು. ತಂಬಾಕಿನ ಧೂಳಿನಲ್ಲಿ ದಿನವಿಡೀ ದುಡಿದರೂ ಅವರಿಗೆ ದೊರೆಯುತ್ತಿದ್ದ ಕೂಲಿ ಅತ್ಯಲ್ಪ. ಈ ಎರಡೂ ವರ್ಗದವರ ಸಂಘಟನೆಯಲ್ಲಿ ಮುಂದೆ ನಿಂತವರು ಅರ್ಜುನನಗರದ ದೇವಚಂದ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸುಭಾಷ ಜೋಶಿಯವರು. ಕಾಲೇಜು ಇರುವುದು ಮಹಾರಾಷ್ಟ್ರದ ಗಡಿಯೊಳಗೆ, ಕಾಗಲ ತಾಲೂಕಿನಲ್ಲಿ; ವಖಾರಿಗಳಿರುವುದು ಕರ್ನಾಟಕದ ನಿಪ್ಪಾಣಿಯಲ್ಲಿ. ಈ ಅಲ್ಪ ಅಂತರವನ್ನು ದಾಟಿಕೊಂಡು ಬಂದ ಅಧ್ಯಾಪಕರು ತಂಬಾಕಿನ ಕೆಲಸದ ಹೆಣ್ಣುಮಕ್ಕಳ ಸಂಘವನ್ನು ಕಟ್ಟಿದರು. ಆ ಸ್ತ್ರೀಯರ ಹೋರಾಟವನ್ನು ಛಾಯಾ ದಾತಾರ ಅವರು ಅಭ್ಯಸಿಸಿ ಬರೆದ ಇಂಗ್ಲಿಷ್ ಗ್ರಂಥವು 1989ರಲ್ಲಿ ಪ್ರಕಟವಾಯಿತು.

1981ರ ಮಾರ್ಚದಲ್ಲಿ ರೈತನಾಯಕ ಶರದ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಬಿಡಾರ ಹೂಡಿದರು. ಸ್ಥಳೀಯವಾಗಿ ಅದಕ್ಕೆ ಹೆಗಲುಕೊಟ್ಟವರಲ್ಲಿ ಪ್ರಾಧ್ಯಾಪಕ ಜೋಶಿಯವರು ಪ್ರಮುಖರು. ಆಗ ನಾನು ಕನ್ನಡ ಶಾಲೆಯ ಹುಡುಗ. ನಮ್ಮ ಊರಿನಿಂದ ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಹೋದವರು ದಿನಗಟ್ಟಲೆ ಮರಳಿ ಬಾರದಿದ್ದುದು, ಮನೆಯ ಹಿರಿಯರು ಸಂಜೆಯಾದರೆ ರೇಡಿಯೋದ ಮುಂದೆ ಮೌನವಾಗಿ ಕೂಡುತ್ತಿದ್ದುದು ನೆನಪಿದೆ. ಮೂರು ವಾರಗಳಿಗೂ ಮಿಕ್ಕಿ ನಡೆದ ಆ ಸತ್ಯಾಗ್ರಹವು ಏಪ್ರಿಲ 6ರಂದು ಪೋಲೀಸರ ಗುಂಡಿನಿಂದ ಕೊನೆಗೊಂಡಿತು. 12 ಜನ ರೈತರು ಪ್ರಾಣ ಕಳೆದುಕೊಂಡರು. ಕಾಲಾನಂತರದಲ್ಲಿ ಸುಭಾಷ ಜೋಶಿಯವರು ನಿಪ್ಪಾಣಿ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು.

ಈ ಪ್ರಸಂಗವನ್ನು ಇಷ್ಟು ವಿಸ್ತರಿಸಿ ಹೇಳಿದ್ದಕ್ಕೆ ಕಾರಣವಿದೆ. ಇಲ್ಲಿ ಅಧ್ಯಾಪಕನೊಬ್ಬನು ಮೊದಲು ಪಕ್ಷವನ್ನು ಸೇರಿ, ಟಿಕೆಟ್ಟು ಪಡೆದು, ಬಳಿಕ ಜನರ ಬಳಿಗೆ ಹೋದದ್ದಲ್ಲ. ತರಗತಿಯ ಹೊರಗೆ ಕಣ್ಣಿಗೆ ಬಿದ್ದ ಅನ್ಯಾಯವು ಅವನನ್ನು ಬೀದಿಗೆ ಎಳೆಯಿತು. ಬೀದಿಯು ಶಾಸನಸಭೆಗೆ ಕಳುಹಿಸಿತು. ಅವರ ಎಲ್ಲ ನಿಲುವುಗಳನ್ನು ಎಲ್ಲರೂ ಒಪ್ಪಬೇಕೆಂದು ನಾನು ಹೇಳಲಾರೆ. ತಂಬಾಕಿನ ವ್ಯಾಪಾರದಿಂದಲೇ ಬೆಳೆದ ನಮ್ಮ ಭಾಗದಲ್ಲಿ ವರ್ತಕರ ಪಕ್ಷವೂ ಒಂದಿತ್ತು. ಆದರೆ ಲೆಕ್ಕ ಬಾರದ ಹೆಣ್ಣುಮಗಳಿಗೆ ತನ್ನ ಕೂಲಿಯ ಲೆಕ್ಕವನ್ನು ಕಲಿಸುವುದು ಕೂಡ ಬೋಧನೆಯೇ ಅಲ್ಲವೆಂದು ಯಾವ ಶಿಕ್ಷಕನು ತಾನೆ ಹೇಳಿಯಾನು?

ಎಲ್ಲರೂ ಹೀಗೆ ಹೋದವರಲ್ಲವೆಂಬುದೂ ನಿಜ. ಕೆಲವರಿಗೆ ಅಧ್ಯಾಪನವು ಹೊಳೆ ದಾಟುವ ಮೊದಲು ದಂಡೆಯಲ್ಲಿ ಕುಳಿತ ಸ್ವಲ್ಪ ಹೊತ್ತಿನ ವಿಶ್ರಾಂತಿ ಮಾತ್ರ. ಎಸ್. ಎಂ. ಕೃಷ್ಣ ಅವರು ಬೆಂಗಳೂರಿನ ಶ್ರೀ ಜಗದ್ಗುರು ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು 1962ರಲ್ಲಿ ಮದ್ದೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. 1999ರಿಂದ 2004ರವರೆಗೆ ಮುಖ್ಯಮಂತ್ರಿಗಳಾಗಿದ್ದರು. ಸಿದ್ದರಾಮಯ್ಯನವರೂ ಮೈಸೂರಿನಲ್ಲಿ ಕೆಲಕಾಲ ಕಾನೂನನ್ನು ಬೋಧಿಸಿದವರೇ. ಕಾನೂನು ಬೋಧನೆಯಿಂದ ಕಾನೂನು ರಚನೆಗೆ ಹೋಗುವುದು ಒಂದು ಸಹಜ ಸೋಪಾನವೆನ್ನಬಹುದು. ಇವರನ್ನು ಶಿಕ್ಷಕ ರಾಜಕಾರಣಿಗಳೆಂದು ಎಣಿಸುವುದು ಎಷ್ಟರಮಟ್ಟಿಗೆ ಸರಿಯೋ, ವಾಚಕರೇ ನಿರ್ಧರಿಸಲಿ.

ಆದರೆ ಇಂಥವರಲ್ಲಿ ಹೆಚ್ಚಿನವರು ಖಾಸಗಿ ಸಂಸ್ಥೆಗಳಿಂದ ಬಂದವರೆಂಬುದನ್ನು ಗಮನಿಸಬೇಕು. ಸರಕಾರಿ ಶಾಲೆಯ ಶಿಕ್ಷಕನು ಸೇವೆಯಲ್ಲಿರುವಷ್ಟು ಕಾಲ ಯಾವ ರಾಜಕೀಯ ಪಕ್ಷದ ಸದಸ್ಯನೂ ಆಗಲಾರನು, ಚುನಾವಣೆಗೆ ನಿಲ್ಲಲಾರನು. 1966ರ ನಡತೆ ನಿಯಮಗಳಲ್ಲಿಯೂ, ಅವುಗಳ ಸ್ಥಾನದಲ್ಲಿ ಬಂದ 2021ರ ನಿಯಮಗಳಲ್ಲಿಯೂ ಈ ನಿರ್ಬಂಧವಿದೆ. ಅವನು ಉಮೇದುವಾರನಾಗಬೇಕಾದರೆ ಮೊದಲು ರಾಜೀನಾಮೆ ಕೊಡಬೇಕು. ಸೋತರೆ ಅತ್ತ ಶಾಸನಸಭೆಯೂ ಇಲ್ಲ, ಇತ್ತ ಶಾಲೆಯೂ ಇಲ್ಲ. ಖಾಸಗಿ ಸಂಸ್ಥೆಗಳಲ್ಲಿ ಆಡಳಿತ ಮಂಡಳಿಯ ಸಮ್ಮತಿಯೆಂಬ ಒಂದು ಬಾಗಿಲು ಹಿಂದಿನಿಂದಲೂ ಅಷ್ಟಿಷ್ಟು ತೆರೆದಿತ್ತು. ಆ ಬಾಗಿಲೂ ಎಲ್ಲೆಡೆಯಲ್ಲಿಯೂ ಒಂದೇ ತೆರನಾಗಿರಲಿಲ್ಲ. ಆಫ್ರಿಕದ ತಾಂಜಾನಿಯಾ ದೇಶದ ಪ್ರಥಮ ಅಧ್ಯಕ್ಷರಾದ ಜೂಲಿಯಸ್ ನೈರೇರೆಯವರು ಪುಗು ಎಂಬಲ್ಲಿಯ ಒಂದು ಮಿಶನರಿ ವಿದ್ಯಾಲಯದಲ್ಲಿ ಶಿಕ್ಷಕರಾಗಿದ್ದಾಗ, ಬೋಧನೆ ಅಥವಾ ರಾಜಕಾರಣ, ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾದ ಪ್ರಸಂಗ ಬಂದು 1955ರಲ್ಲಿ ಕೆಲಸವನ್ನು ಬಿಟ್ಟರು. ದೇಶದ ಅಧ್ಯಕ್ಷರಾದ ಮೇಲೆಯೂ ಜನರು ಅವರನ್ನು ಕರೆಯುತ್ತಿದ್ದುದು ‘ಮ್ವಾಲಿಮು’ ಎಂದೇ. ಸ್ವಾಹಿಲಿ ಭಾಷೆಯಲ್ಲಿ ಆ ಶಬ್ದಕ್ಕೆ ಶಿಕ್ಷಕ ಎಂದರ್ಥ. ಅಧಿಕಾರದ ನಡುವೆಯೇ ಶೇಕ್ಸ್‌ಪಿಯರನ ನಾಟಕಗಳನ್ನು ತಮ್ಮ ಭಾಷೆಗೆ ಅನುವಾದಿಸಿದ ಅಪರೂಪದ ಮನುಷ್ಯರವರು.

ಇದುವರೆಗೆ ಹೇಳಿದ್ದು ಶಿಕ್ಷಕರಾಗಿದ್ದು ಜನಪ್ರತಿನಿಧಿಗಳಾದವರ ಮಾತಾಯಿತು. ಶಿಕ್ಷಕರ ಪ್ರತಿನಿಧಿಗಳೆಂದೇ ಶಾಸನಸಭೆಗೆ ಹೋಗುವ ಇನ್ನೊಂದು ವ್ಯವಸ್ಥೆಯೂ ನಮ್ಮ ಸಂವಿಧಾನದಲ್ಲಿದೆ. ವಿಧಾನ ಪರಿಷತ್ತು ಈಗ ದೇಶದ ಆರು ರಾಜ್ಯಗಳಲ್ಲಿ ಮಾತ್ರ ಉಂಟು. ಅವುಗಳಲ್ಲಿ ನಮ್ಮದೂ ಒಂದು. ನಮ್ಮ ಪರಿಷತ್ತಿನ ಮೂಲವು 1907ರಲ್ಲಿ ಮೈಸೂರು ಸಂಸ್ಥಾನದಲ್ಲಿ ಏರ್ಪಟ್ಟ ಸಭೆಯಲ್ಲಿದೆ. ಸಂವಿಧಾನದ 171ನೆಯ ಅನುಚ್ಛೇದದ ಪ್ರಕಾರ ಪರಿಷತ್ತಿನ ಸದಸ್ಯರಲ್ಲಿ ಸುಮಾರು ಹನ್ನೆರಡನೆಯ ಒಂದು ಭಾಗವನ್ನು ಶಿಕ್ಷಕರು ಆರಿಸಬೇಕು. ಕರ್ನಾಟಕದ ಒಟ್ಟು 75 ಸ್ಥಾನಗಳಲ್ಲಿ ಹೀಗೆ ಶಿಕ್ಷಕರ ಪಾಲಿಗೆ ಬಂದವು 7. ಪದವೀಧರರಿಗೂ ಅಷ್ಟೇ. ಸದಸ್ಯತ್ವದ ಅವಧಿ ಆರು ವರ್ಷ. ಮತ ಹಾಕುವ ಕ್ರಮವೂ ಬೇರೆ. ಮತದಾರನು ಉಮೇದುವಾರರ ಹೆಸರಿನ ಮುಂದೆ ತನ್ನ ಪ್ರಾಶಸ್ತ್ಯದ ಅನುಕ್ರಮಕ್ಕೆ ತಕ್ಕಂತೆ 1, 2, 3 ಎಂದು ಅಂಕಿಗಳನ್ನು ಬರೆಯಬೇಕು. ಮೊದಲ ಪ್ರಾಶಸ್ತ್ಯದ ಮತಗಳಿಂದಲೇ ಯಾರಿಗೂ ನಿಗದಿತ ಸಂಖ್ಯೆ ದೊರೆಯದಿದ್ದರೆ ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿಯ ಎರಡನೆಯ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತ ಹೋಗುತ್ತಾರೆ. ಅಂಕಿಯನ್ನು ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಆದರೆ ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಅಥವಾ ಸಹಿ ಮಾಡಿದರೆ ಮತವು ಅಸಿಂಧುವಾಗುತ್ತದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಸೂಚನೆಯನ್ನು ಓದದೆ ಬರೆದವನಿಗೆ ಸೊನ್ನೆ ಹಾಕುವ ನಾವೇ ಇಲ್ಲಿ ಸೂಚನೆಯನ್ನು ಓದದೆ ಬರೆಯುತ್ತೇವೆ. ಎಣಿಕೆಯ ಮೇಜಿನ ಮೇಲೆ ಅಸಿಂಧು ಮತಗಳ ಕಟ್ಟನ್ನು ಕಂಡವರು ಇದನ್ನು ನಕ್ಕು ಹೇಳುವುದುಂಟು, ನಾವು ನಗುವಂತಿಲ್ಲ.

ಈ ಶಿಕ್ಷಕ ಕ್ಷೇತ್ರಗಳ ಚರಿತ್ರೆಯಲ್ಲಿ ಬಸವರಾಜ ಹೊರಟ್ಟಿಯವರ ಹೆಸರು ಎಲ್ಲಕ್ಕಿಂತ ಮೊದಲು ಬರತಕ್ಕದ್ದು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಇವರು 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಬಾರಿಗೆ ಪರಿಷತ್ತಿಗೆ ಬಂದರು. ಅನಂತರ ಪ್ರತಿ ಆರು ವರ್ಷಕ್ಕೊಮ್ಮೆ ಗೆಲ್ಲುತ್ತ 2022ರಲ್ಲಿ ಎಂಟನೆಯ ಬಾರಿಗೆ ಆಯ್ಕೆಯಾದರು. ಈ ನಡುವೆ ಅವರ ಪಕ್ಷ ಬದಲಾಯಿತು, ರಾಜ್ಯದ ಸರಕಾರಗಳು ಹಲವು ಬಾರಿ ಬದಲಾದವು. ಕ್ಷೇತ್ರ ಮಾತ್ರ ಬದಲಾಗಲಿಲ್ಲ. ಪರಿಷತ್ತಿನ ಸಭಾಪತಿ ಸ್ಥಾನವೂ ಒಂದಕ್ಕಿಂತ ಹೆಚ್ಚು ಬಾರಿ ಅವರಿಗೆ ಒಲಿದು ಬಂತು. ಕವಾಯತು ಮಾಡಿಸುತ್ತಿದ್ದ ಮಾಸ್ತರರು ಸಭೆಯನ್ನು ಶಿಸ್ತಿನಲ್ಲಿ ಇಡುವ ಪೀಠಕ್ಕೆ ಹೋದದ್ದು ಒಂದು ರೀತಿಯಲ್ಲಿ ಉಚಿತವೇ ಆಯಿತು.

ಹೊರಟ್ಟಿಯವರು 2006ರಲ್ಲಿ ಕುಮಾರಸ್ವಾಮಿಯವರ ಮಂತ್ರಿಮಂಡಲದಲ್ಲಿ ಶಿಕ್ಷಣ ಸಚಿವರಾದಾಗ ನಡೆದ ಸಂಗತಿಯು ಕನ್ನಡ ಬೋಧಿಸುವ ನನ್ನಂಥವರಿಗೆ ಮರೆಯಲಾಗದ್ದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂಬ 1994ರ ಭಾಷಾನೀತಿಯನ್ನು ಕಡೆಗಣಿಸಿ, ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದ ಶಾಲೆಗಳ ಮಾನ್ಯತೆಯನ್ನು ರದ್ದುಗೊಳಿಸುವ ಕ್ರಮಕ್ಕೆ ಸರಕಾರ ಕೈಹಾಕಿತು. ಅದೇ ಕಾಲದಲ್ಲಿ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ನಿರ್ಣಯವೂ ಆಯಿತು. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ. ಪಾಲಕರು ಒಪ್ಪಲಿಲ್ಲ, ಆಡಳಿತ ಮಂಡಳಿಗಳು ಒಪ್ಪಲಿಲ್ಲ, ವ್ಯಾಜ್ಯವು ನ್ಯಾಯಾಲಯಗಳನ್ನು ಹತ್ತಿತು. ಕೊನೆಗೆ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಮಾತೃಭಾಷಾ ಮಾಧ್ಯಮವನ್ನು ಸರಕಾರವು ಹೇರಲಾಗದೆಂದು ತೀರ್ಪಿತ್ತಿತು. ಬೇಡಕಿಹಾಳದಂತಹ ಊರಿನಲ್ಲಿ ಈ ಪ್ರಶ್ನೆಯು ಇನ್ನೂ ಜಟಿಲ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡದ ಮನೆ, ಮರಾಠಿಯ ಮನೆ ಒತ್ತಾಗಿವೆ; ಒಂದೇ ಮನೆಯೊಳಗೆ ಅತ್ತೆಯ ಮಾತು ಒಂದು, ಸೊಸೆಯ ಮಾತು ಇನ್ನೊಂದು. ಇಂಗ್ಲಿಷು ಇವೆರಡನ್ನೂ ಬದಿಗೆ ಸರಿಸಿ ನಡುಮನೆಗೆ ಬರುತ್ತಿದೆ. ಇಂಥಲ್ಲಿ ತರಗತಿಯನ್ನು ಬಲ್ಲವನೇ ಮಂತ್ರಿಯಾದರೂ ಎಲ್ಲವೂ ಕೈಗೂಡುವುದಿಲ್ಲವೆಂಬುದು ಸಿದ್ಧವಾಯಿತು. ಪ್ರಯತ್ನ ಮಾತ್ರ ತರಗತಿಯ ಅನುಭವದಿಂದ ಹುಟ್ಟಿದ್ದೆಂದು ನಾನು ಭಾವಿಸುತ್ತೇನೆ.

ಇದಕ್ಕಿಂತ ಅರ್ಧಶತಮಾನ ಹಿಂದೆ ಕೇರಳದಲ್ಲಿ ನಡೆದದ್ದೂ ಇಲ್ಲಿ ಸ್ಮರಣೀಯ. ತ್ರಿಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ ಭಾಷಾಪ್ರಾಧ್ಯಾಪಕರಾಗಿದ್ದ, ಮಲಯಾಳದ ಹೆಸರಾಂತ ವಿಮರ್ಶಕರಾದ ಜೋಸೆಫ್ ಮುಂಡಶ್ಶೇರಿಯವರು 1957ರಲ್ಲಿ ಅಲ್ಲಿಯ ಶಿಕ್ಷಣ ಸಚಿವರಾದರು. ಖಾಸಗಿ ಶಾಲೆಯ ಶಿಕ್ಷಕರಿಗೆ ಸರಕಾರವೇ ನೇರವಾಗಿ ಸಂಬಳ ಕೊಡಬೇಕು, ನೇಮಕಾತಿಯು ನಿಯಮಬದ್ಧವಾಗಿ ನಡೆಯಬೇಕು ಎಂಬ ಮಸೂದೆಯನ್ನು ತಂದರು. ರಾಷ್ಟ್ರಪತಿಗಳು ಅದನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಿದರು. ಸಂಸ್ಥೆಗಳನ್ನು ನಡೆಸುವವರು ಬೀದಿಗಿಳಿದರು. ಇತರ ಕಾರಣಗಳೂ ಕೂಡಿ 1959ರ ಜುಲೈ 31ರಂದು ಆ ಸರಕಾರವೇ ವಜಾ ಆಯಿತು. ದಾನಿಗಳ ಹಣದಿಂದ, ಭಕ್ತರ ಕಾಣಿಕೆಯಿಂದ ಕಟ್ಟಿದ ಶಾಲೆಯಲ್ಲಿ ಸರಕಾರವು ಎಷ್ಟರಮಟ್ಟಿಗೆ ಕೈಹಾಕಬೇಕೆಂಬ ಪ್ರಶ್ನೆಯು ಅಲ್ಲಗಳೆಯುವಂಥದಲ್ಲ. ಈ ಸಂಚಿಕೆಯನ್ನು ಓದುವ ದಾನಿಗಳಿಗೆ ಅದು ಚೆನ್ನಾಗಿ ತಿಳಿದಿದೆ. ಆದರೆ ತಿಂಗಳ ಕೊನೆಗೆ ಸಂಬಳ ಬಂದೀತೋ ಇಲ್ಲವೋ ಎಂದು ಎಣಿಸುತ್ತ ವ್ಯಾಕರಣ ಹೇಳಿಕೊಡುವ ಶಿಕ್ಷಕನ ಮನಃಸ್ಥಿತಿಯನ್ನು ಒಬ್ಬ ಶಿಕ್ಷಕನಲ್ಲದೆ ಬೇರೆ ಯಾವ ಮಂತ್ರಿಯು ಅಷ್ಟು ಹಟದಿಂದ ಕಾನೂನಿನ ಭಾಷೆಗೆ ತರುತ್ತಿದ್ದನು? ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ 1ರಿಂದ ಹೊಸದಾಗಿ ಸೇವೆಗೆ ಸೇರಿದವರಿಗೆ ಹಳೆಯ ನಿವೃತ್ತಿವೇತನ ನಿಂತುಹೋದಾಗ ಅನುದಾನಿತ ಶಾಲೆಗಳ ಸಿಬ್ಬಂದಿಯ ಅಳಲು ಎಷ್ಟು ವರ್ಷ ಕೇಳಿಬಂತೆಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಈಗ ನಮ್ಮದೇ ಕ್ಷೇತ್ರಕ್ಕೆ ಬರೋಣ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕೂಡಿ ವಾಯವ್ಯ ಶಿಕ್ಷಕರ ಕ್ಷೇತ್ರವೆನಿಸಿವೆ. 2022ರ ಜೂನ್‌ನಲ್ಲಿ ನಡೆದ ಚುನಾವಣೆಯಲ್ಲಿ ಅಲ್ಲಿಯವರೆಗೆ ಸದಸ್ಯರಾಗಿದ್ದ ಅರುಣ ಶಹಾಪುರ ಅವರನ್ನು ಸೋಲಿಸಿ ಪ್ರಕಾಶ ಹುಕ್ಕೇರಿಯವರು ಗೆದ್ದರು. ಹುಕ್ಕೇರಿಯವರು ನಮ್ಮ ನೆರೆಯ ಯಕ್ಸಂಬೆಯವರು. ವಿಧಾನಸಭೆಯ ಸದಸ್ಯರಾಗಿ, ರಾಜ್ಯದ ಮಂತ್ರಿಗಳಾಗಿ, 2014ರಿಂದ 2019ರವರೆಗೆ ಚಿಕ್ಕೋಡಿಯ ಲೋಕಸಭಾ ಸದಸ್ಯರಾಗಿ ದೀರ್ಘಕಾಲ ರಾಜಕಾರಣದಲ್ಲಿ ನುರಿತವರು. ಅಂದರೆ ಇಲ್ಲಿ ದಾರಿಯು ತಿರುಗುಮುರುಗಾಯಿತು. ಶಾಲೆಯಿಂದ ರಾಜಕಾರಣಕ್ಕೆ ಹೋಗುವ ಬದಲು ರಾಜಕಾರಣದಿಂದ ಶಿಕ್ಷಕರ ಪೀಠಕ್ಕೆ ಬಂದಂತಾಯಿತು. ಇದರಲ್ಲಿ ಕಾನೂನಿನ ಲೋಪವೇನೂ ಇಲ್ಲ. ಪದವೀಧರರ ಕ್ಷೇತ್ರದ ಉಮೇದುವಾರನು ಸ್ವತಃ ಪದವೀಧರನಾಗಿರಬೇಕೆಂದಿಲ್ಲವೆಂದು ಮದರಾಸಿನ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿಯೇ ಹೇಳಿದೆ. ಸಂವಿಧಾನವು ಮತದಾರನ ಅರ್ಹತೆಯನ್ನು ಹೇಳಿತೇ ಹೊರತು ಉಮೇದುವಾರನ ವೃತ್ತಿಯನ್ನು ಹೇಳಲಿಲ್ಲವೆಂಬುದು ಅದರ ತಾತ್ಪರ್ಯ. ಶಿಕ್ಷಕರ ಕ್ಷೇತ್ರಕ್ಕೂ ಅದೇ ನ್ಯಾಯ ಅನ್ವಯಿಸುತ್ತದೆ.

ಗೆದ್ದವರನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆರಿಸಿದವರು ನಾವೇ. ವಿಧಾನಸೌಧದಲ್ಲಿ ಕಡತವನ್ನು ಮುಂದಕ್ಕೆ ತಳ್ಳಬಲ್ಲ ಬಲಾಢ್ಯರೊಬ್ಬರು ನಮ್ಮ ಪರವಾಗಿರಲಿ ಎಂದು ಶಿಕ್ಷಕರು ಬಯಸಿದರೆ ಅದಕ್ಕೆ ಅವರ ಅನುಭವವೇ ಕಾರಣವಾಗಿರಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಂವಿಧಾನ ರಚಿಸಿದವರು ಶಿಕ್ಷಕರಿಗೆಂದು ಪ್ರತ್ಯೇಕ ಸ್ಥಾನಗಳನ್ನು ತೆಗೆದಿರಿಸಿದ್ದು ಕೆಲಸ ಮಾಡಿಸಿಕೊಡುವವರಿಗಾಗಿಯೋ ಅಥವಾ ತರಗತಿಯ ಒಳಗಿನ ಮಾತನ್ನು ಸಭೆಯಲ್ಲಿ ಆಡುವವರಿಗಾಗಿಯೋ? ಮೊದಲನೆಯದಕ್ಕೆ ವಿಧಾನಸಭೆಯ 224 ಜನರು ಇದ್ದೇ ಇದ್ದಾರೆ. ಎರಡನೆಯದಕ್ಕೆ ಇರುವುದು ಈ ಏಳು ಪೀಠಗಳು ಮಾತ್ರ. ನನ್ನ ಅಭಿಪ್ರಾಯದಲ್ಲಿ ಶಿಕ್ಷಕನು ರಾಜಕಾರಣಕ್ಕೆ ಹೋಗುವುದರಿಂದ ಆಗುವ ಹಾನಿಗಿಂತ, ಶಿಕ್ಷಕರಿಗೆಂದೇ ಇಟ್ಟ ಪೀಠಕ್ಕೆ ಶಿಕ್ಷಕನು ಹೋಗದಿರುವುದರಿಂದ ಆಗುವ ಹಾನಿ ಹೆಚ್ಚಿನದು.

ಇದರಲ್ಲಿ ಇನ್ನೂ ಒಂದು ಅನ್ಯಾಯವಿದೆ. ಪ್ರೌಢಶಾಲೆಗಿಂತ ಕೆಳಗಿನ ಮಟ್ಟದ ಸಂಸ್ಥೆಗಳ ಶಿಕ್ಷಕರಿಗೆ ಈ ಕ್ಷೇತ್ರದಲ್ಲಿ ಮತಾಧಿಕಾರವಿಲ್ಲ. ಅಕ್ಷರ ತೀಡಿಸುವ ಕನ್ನಡ ಶಾಲೆಯ ಗುರುಗಳೂ ಅಕ್ಕೋರೂ ಶಿಕ್ಷಕರೆಂದು ಪರಿಷತ್ತಿನ ದೃಷ್ಟಿಯಲ್ಲಿ ಪರಿಗಣಿತರಲ್ಲ! ಚುನಾವಣೆ ಬಂದರೆ ಮಾತ್ರ ಅವರಿಲ್ಲದೆ ನಡೆಯದು. ಮತಗಟ್ಟೆಯ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗುವವರು ಅವರು. ಮನೆಮನೆಗೆ ಹೋಗಿ ಮತದಾರರ ಯಾದಿಯನ್ನು ತಿದ್ದುವವರಲ್ಲಿಯೂ ಅವರೇ ಬಹಳ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಿಕ್ಷಕರನ್ನು ಬೋಧನೇತರ ಕೆಲಸಗಳಿಗೆ ಹಚ್ಚಬಾರದೆಂದು ಹೇಳಿ, ಅದೇ ಉಸಿರಿನಲ್ಲಿ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರಕ್ಕೆ ವಿನಾಯಿತಿ ಕೊಟ್ಟಿದೆ. ಹೀಗಾಗಿ ರಾಜಕಾರಣಕ್ಕೆ ಎಂದೂ ಇಳಿಯದ ಶಿಕ್ಷಕನೂ ರಾಜಕಾರಣದ ಕಣವನ್ನು ಗುಡಿಸಿ ಸಾರಿಸಿ ಕೊಡುವ ಕೆಲಸದಿಂದ ತಪ್ಪಿಸಿಕೊಳ್ಳಲಾರನು.

ಶಿಕ್ಷಕನು ಹೋದಮೇಲೆ ಬರಿದಾಗುವ ಕುರ್ಚಿಯ ಮಾತನ್ನೂ ಆಡಲೇಬೇಕು. ಕಾಲೇಜಿನ ಪ್ರಾಧ್ಯಾಪಕನು ಹೋದರೆ ಬೇರೊಬ್ಬನು ಬಂದಾನು. ಗಡಿಯ ಹಳ್ಳಿಯೊಂದರ ಶಾಲೆಯಿಂದ ಒಳ್ಳೆಯ ಗಣಿತದ ಮಾಸ್ತರರು ಹೋದರೆ ಆ ಸ್ಥಾನವು ವರ್ಷಗಟ್ಟಲೆ ಹಾಗೆಯೇ ಉಳಿಯುವುದನ್ನು ನಾವು ಕಂಡಿದ್ದೇವೆ. ಆ ವರ್ಷಗಳಲ್ಲಿ ಹತ್ತನೆಯ ತರಗತಿಗೆ ಬಂದ ಮಕ್ಕಳಿಗೆ ಆ ನಷ್ಟವನ್ನು ಯಾವ ಶಾಸಕನೂ ತುಂಬಿಕೊಡಲಾರನು. ಅದಕ್ಕಿಂತ ಕೆಟ್ಟದ್ದೆಂದರೆ ಹೋಗದೆಯೇ ಹೋದವನ ಸ್ಥಿತಿ. ಹಾಜರಿ ಪುಸ್ತಕದಲ್ಲಿ ಶಿಕ್ಷಕನಾಗಿದ್ದು, ಪಂಚಾಯತಿಯ ಗುಂಪುಗಳಲ್ಲಿ ಮುಳುಗಿ, ಎದುರು ಪಕ್ಷದವನ ಮಗನನ್ನು ಬೇರೆ ಕಣ್ಣಿನಿಂದ ನೋಡುವವನು ಎರಡೂ ಧರ್ಮಗಳಿಗೆ ಹೊರಗಾದವನು. ಮಂಜಪ್ಪನವರಂತೆ ರಾಜೀನಾಮೆ ಬರೆದುಕೊಟ್ಟು ಹೋಗುವುದರಲ್ಲಿ ಒಂದು ಮರ್ಯಾದೆಯಿದೆ. ಒಡಿಶಾದ ರಾಯರಂಗಪುರದ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ದ್ರೌಪದಿ ಮುರ್ಮು ಅವರು 1997ರಲ್ಲಿ ಅಲ್ಲಿಯ ಪೌರಸಭೆಗೆ ಆಯ್ಕೆಯಾಗಿ, 2000ದಲ್ಲಿ ಶಾಸಕಿಯಾಗಿ, 2022ರಲ್ಲಿ ರಾಷ್ಟ್ರಪತಿಗಳಾದುದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳುವಾಗ, ಆ ಮೆಟ್ಟಿಲುಗಳ ಎಣಿಕೆಯನ್ನೂ ಹೇಳಬೇಕು.

ಕೊನೆಗೆ, ನಮ್ಮ ಶಾಲೆಯ ಹಾಗೂ ನೆರೆಹೊರೆಯ ಸಂಸ್ಥೆಗಳ ಶಿಕ್ಷಕ ಬಂಧುಗಳ ಉಪಯೋಗಕ್ಕಾಗಿ ಒಂದು ಸೂಚನೆ. ವಾಯವ್ಯ ಶಿಕ್ಷಕರ ಕ್ಷೇತ್ರದ ಈಗಿನ ಅವಧಿಯು 2028ರಲ್ಲಿ ಮುಗಿಯುತ್ತದೆ. ಈ ಕ್ಷೇತ್ರದ ಮತದಾರರ ಯಾದಿಯು ಸಾಮಾನ್ಯ ಯಾದಿಯಂತೆ ಮುಂದುವರಿಯುವುದಿಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧಗೊಳ್ಳುತ್ತದೆ. ಕಳೆದ ಸಲ ಹೆಸರಿದ್ದವರೂ ಪುನಃ ಅರ್ಜಿ ಹಾಕಬೇಕು. ಅರ್ಜಿಯ ನಮೂನೆ 19. ಯಾದಿ ಸಿದ್ಧಪಡಿಸುವ ವರ್ಷದ ನವೆಂಬರ 1ಕ್ಕೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷಗಳಾದರೂ ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಸಂಸ್ಥೆಯಲ್ಲಿ ಬೋಧಿಸಿರಬೇಕು. ಈ ಲೆಕ್ಕಕ್ಕೆ ಸಲ್ಲುವ ನಿವೃತ್ತರೂ ಅರ್ಹರು. ಸೇವೆಯ ಬಗ್ಗೆ ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರವನ್ನು ಅರ್ಜಿಯೊಡನೆ ಲಗತ್ತಿಸಬೇಕಾಗುತ್ತದೆ. ಮುಖ್ಯಾಧ್ಯಾಪಕರು ಅದನ್ನು ಕಡೆಯ ದಿನದವರೆಗೆ ಇಟ್ಟುಕೊಳ್ಳದೆ ಮುಂಚಿತವಾಗಿಯೇ ಬರೆದು ಕೊಡುವುದು ಒಳಿತು.